ಹಬ್ಬದ ಲೋಟದಲ್ಲಿ ಏನಿರಬೇಕು?

ನಮ್ಮ ವಿದ್ಯಾವಂತರಲ್ಲಿ ಒಂದು ವಾದ ಈಚೆಗೆ ಬಲಿಯುತ್ತಿದೆ. ಇಂಗ್ಲಿಷರು ತಮ್ಮ ರಾಷ್ಟ್ರದ ಸಂಭ್ರಮಗಳಲ್ಲಿ ತಮ್ಮ ನಾಡಿನ ಬಿಯರನ್ನು ಹೆಮ್ಮೆಯಿಂದ ಹಂಚಿಕೊಳ್ಳುತ್ತಾರಂತೆ. 2023ರ ಮೇ ತಿಂಗಳಲ್ಲಿ ಮೂರನೆಯ ಚಾರ್ಲ್ಸ್ ದೊರೆಯ ಪಟ್ಟಾಭಿಷೇಕ ನಡೆದಾಗ, ಪಾನಗೃಹಗಳು ರಾತ್ರಿ ಒಂದು ಗಂಟೆಯವರೆಗೆ ತೆರೆದಿರಲೆಂದು ಅಲ್ಲಿಯ ಸರ್ಕಾರವೇ ಅಪ್ಪಣೆ ಕೊಟ್ಟಿತು. ನಾವೋ, ಆಗಸ್ಟ್ 15 ಬಂದರೆ ಅಂಗಡಿಗೆ ಬೀಗ ಜಡಿದು ಸಪ್ಪೆ ಮೋರೆ ಹಾಕಿಕೊಂಡು ಕೂರುತ್ತೇವೆ. ಪ್ರಾಯಕ್ಕೆ ಬಂದ ದೇಶಕ್ಕೆ ಇಷ್ಟು ಕಟ್ಟುಪಾಡೇಕೆ, ಸ್ವಾತಂತ್ರ್ಯೋತ್ಸವಕ್ಕೆ ಒಂದು ಲೋಟ ಬಿಯರ್ ಏಕಾಗದು ಎಂಬುದು ಈ ಮಹನೀಯರ ಪ್ರಶ್ನೆ.

ಪ್ರಶ್ನೆಯನ್ನು ನಕ್ಕು ತಳ್ಳಿಬಿಡುವುದು ಬೇಡ. ಮೊದಲು ಇಂಗ್ಲಿಷರ ಲೋಟದೊಳಗೆ ಏನಿದೆಯೆಂದು ನೋಡೋಣ. ಅವರ ಹೊಲದ ಬಾರ್ಲಿ, ಕೆಂಟ್ ಸೀಮೆಯ ಹಾಪ್ಸ್ ಬಳ್ಳಿಯ ಹೂವು, ಅವರ ನೀರು. ಹಳೆಯ ಪದ್ಧತಿಯ ಬಿಯರ್ ಪೀಪಾಯಿಯೊಳಗೇ ಕೊನೆಯ ಹುದುಗು ಬಂದು ಹದವಾಗುತ್ತದೆ; ನೆಲಮಾಳಿಗೆಯ ತಂಪಿನಲ್ಲಿಟ್ಟು ಕೈಪಂಪಿನಿಂದ ಮೇಲೆತ್ತಿ ಕೊಡುತ್ತಾರೆ. ದೊಡ್ಡ ಕಂಪನಿಗಳು ಇದನ್ನು ಮೂಲೆಗೊತ್ತಿ, ಸೋಸಿ ಕಾಯಿಸಿ ಅನಿಲ ತುಂಬಿದ ಸರಕನ್ನು ಊರೂರಿಗೆ ತುರುಕತೊಡಗಿದಾಗ, 1971ರಲ್ಲಿ ನಾಲ್ವರು ಗೆಳೆಯರು ಸೇರಿ ನಿಜವಾದ ಏಲ್ ಉಳಿಯಬೇಕೆಂದು ಒಂದು ಚಳವಳಿಯನ್ನೇ ಹೂಡಿದರು. ಅದು ಬೆಳೆದು ಕಂಪನಿಗಳ ಸೊಕ್ಕನ್ನು ತಕ್ಕಮಟ್ಟಿಗೆ ಇಳಿಸಿತು. ಇಂಗ್ಲಿಷರಿಂದ ಕಲಿಯುವುದಾದರೆ ಕಲಿಯತಕ್ಕದ್ದು ಇದನ್ನು. ನಮ್ಮವರು ಲೋಟವನ್ನು ಕಂಡರು, ಅದನ್ನು ಉಳಿಸಿಕೊಳ್ಳಲು ನಡೆದ ಜಗಳವನ್ನು ಕಾಣಲಿಲ್ಲ.

ಬಿಯರ್ ನಮಗೆ ಬಂದ ದಾರಿಯೇ ಬೇರೆ. ಬೆಂಗಳೂರಿನ ದಂಡಿನ ಗೋರಾ ಸಿಪಾಯಿಗಳ ದಾಹಕ್ಕಾಗಿ ಅದು ಬಂತು. 1915ರಲ್ಲಿ ಥಾಮಸ್ ಲೀಷ್ಮನ್ ಎಂಬ ಸ್ಕಾಟ್ಲೆಂಡಿನವನು ದಕ್ಷಿಣದ ಬ್ರೂವರಿಗಳನ್ನು ಕೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ಸ್ವಾತಂತ್ರ್ಯದ ಹೊತ್ತಿಗೆ ಅದು ವಿಠ್ಠಲ ಮಲ್ಯರ ಕೈಗೆ ಬಂತು. ಈಗ ಬೆಂಗಳೂರಿನ ಬಡಾವಣೆಗಳಲ್ಲಿ ಇಂಗ್ಲಿಷ್ ಮಾದರಿಯ ಏಲನ್ನು ಅಲ್ಲೇ ಕುದಿಸಿ ಬಡಿಸುವ ಮನೆಗಳೂ ಇವೆ. ಕುಡಿಯುವವರು ಕುಡಿಯಲಿ, ಅವರ ಮೇಲೆ ನನ್ನ ತಕರಾರಿಲ್ಲ. ಆದರೆ ಅದು ರಾಷ್ಟ್ರದ ಹಬ್ಬದ ಪಾನವಾಗಬೇಕೆಂದರೆ, ಈ ಹಬ್ಬ ಹೇಗೆ ಹುಟ್ಟಿತೆಂಬುದನ್ನು ಮರೆತ ಹಾಗಾಯಿತು.

1930ರಲ್ಲಿ ಗಾಂಧೀಜಿ ಹೆಣ್ಣುಮಕ್ಕಳಿಗೆ ಒಪ್ಪಿಸಿದ ಕೆಲಸಗಳಲ್ಲಿ ಹೆಂಡದಂಗಡಿಯ ಮುಂದೆ ನಿಂತು ಪಿಕೆಟಿಂಗ್ ಮಾಡುವುದು ಒಂದು. ನಮ್ಮ ಮೈಸೂರು ಸಂಸ್ಥಾನದಲ್ಲಿಯೇ 1939ರಲ್ಲಿ ಚಿತ್ರದುರ್ಗದ ಹತ್ತಿರದ ತುರುವನೂರಿನಲ್ಲಿ ಈಚಲು ಮರಗಳನ್ನು ಕಡಿದು ಸತ್ಯಾಗ್ರಹ ಮಾಡಿದರು. ನಿಜಲಿಂಗಪ್ಪನವರು ಅದರ ಮುಂದಾಳು. ಪರಸರ್ಕಾರದ ಬೊಕ್ಕಸಕ್ಕೆ ಹೆಂಡದ ಕಾಸು ಸೇರಬಾರದು, ಬಡವನ ಕೂಲಿ ಮನೆ ಸೇರಬೇಕು ಎಂಬುದು ಆ ಹೋರಾಟದ ತಿರುಳು. ಅದೇ ತಿರುಳು ಸಂವಿಧಾನದ 47ನೆಯ ವಿಧಿಯಲ್ಲಿ ಕುಳಿತಿದೆ. ನಮ್ಮ ಹಬ್ಬದ ಲೋಟದಲ್ಲಿ ಮದ್ಯವಿಲ್ಲದಿರುವುದು ಮಡಿವಂತಿಕೆಯಲ್ಲ, ಚರಿತ್ರೆ.

ಇಷ್ಟು ಹೇಳಿದ ಮಾತ್ರಕ್ಕೆ ಸರ್ಕಾರದ ಬೆನ್ನು ತಟ್ಟಿದೆನೆಂದು ವಾಚಕರು ಭಾವಿಸಬಾರದು. ಅದೇ ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದ 1967ರಲ್ಲಿ ರಾಜ್ಯದಲ್ಲಿ ಪಾನನಿರೋಧ ಎದ್ದುಹೋಯಿತು. ಇಂದು ಅಬಕಾರಿಯಿಂದ ಬೊಕ್ಕಸಕ್ಕೆ ವರ್ಷಕ್ಕೆ 30 ಸಾವಿರ ಕೋಟಿ ರೂಪಾಯಿಗೂ ಮಿಕ್ಕಿ ಬರುತ್ತದೆ. ವರ್ಷವೆಲ್ಲ ಕುಡಿಸಿ ಎಣಿಸಿಕೊಂಡು, ಜನವರಿ 26, ಆಗಸ್ಟ್ 15, ಅಕ್ಟೋಬರ್ 2 ಬಂದಾಗ ಅಂಗಡಿಯ ಬಾಗಿಲೆಳೆದು ಗಾಂಧಿ ಭಕ್ತರಾಗುವುದು ಯಾವ ಸೀಮೆಯ ವ್ರತ? ಹಿಂದಿನ ಸಂಜೆಯೇ ಬಾಟಲಿಗಳು ಮನೆ ಸೇರಿರುತ್ತವೆ. ಏಕಾದಶಿಯ ದಿನ ಅನ್ನ ಬಿಟ್ಟು ಸೇರುಗಟ್ಟಲೆ ಅವಲಕ್ಕಿ ಉಪ್ಪಿಟ್ಟು ತಿನ್ನುವವರ ಉಪವಾಸಕ್ಕೂ ಇದಕ್ಕೂ ಹೆಚ್ಚು ಅಂತರವಿಲ್ಲ.

ಇನ್ನೂ ನೋಯಿಸುವ ಸಂಗತಿ ನೀರಾದ್ದು. ನೀರಾ ಹೆಂಡವಲ್ಲ. ತೆಂಗಿನ ಹೊಂಬಾಳೆಯಿಂದ ರಾತ್ರಿಯೆಲ್ಲ ತೊಟ್ಟಿಕ್ಕಿದ ಸಿಹಿ ರಸ; ಮಡಕೆಯ ಒಳಮೈಗೆ ಸುಣ್ಣ ಬಳಿದು, ಬಿಸಿಲೇರುವ ಮುಂಚೆ ಇಳಿಸಿದರೆ ಹುಳಿಯುವುದಿಲ್ಲ. ನುಸಿಪೀಡೆಯಿಂದ ತೆಂಗು ಕೈಕೊಟ್ಟಾಗ ರೈತರು ಇದನ್ನು ಇಳಿಸಿ ಮಾರಲು ಅನುಮತಿ ಕೇಳಿದರು. ಅಬಕಾರಿ ಕಾನೂನು ಅಡ್ಡ ಬಂತು. 2001ರ ಅಕ್ಟೋಬರಿನಲ್ಲಿ ಚನ್ನಪಟ್ಟಣ ತಾಲ್ಲೂಕಿನ ವಿಠ್ಠಲೇನಹಳ್ಳಿಯಲ್ಲಿ ಪೊಲೀಸರ ಗುಂಡಿಗೆ ಇಬ್ಬರು ರೈತರು ಸತ್ತರು. ಬಹಳ ವರ್ಷಗಳ ಮೇಲೆ ಕಾನೂನಿಗೆ ತಿದ್ದುಪಡಿಯಾಗಿ ನೀರಾಕ್ಕೆ ದಾರಿ ಬಿಟ್ಟರು. ಇಂಗ್ಲೆಂಡಿನಲ್ಲಿ ನಾಡಿನ ಪಾನಕ್ಕಾಗಿ ನಡೆದ ಚಳವಳಿ ಗೆದ್ದು ಹಬ್ಬವಾಯಿತು. ನಮ್ಮಲ್ಲಿ ಅದಕ್ಕಾಗಿ ಇಬ್ಬರು ಪ್ರಾಣ ತೆತ್ತರು, ನಮ್ಮ ಯಾವ ಹಬ್ಬದ ಲೋಟಕ್ಕೂ ಅದು ಬಂದದ್ದು ಕಾಣೆ.

ಬೆಂಗಳೂರು ಬಿಟ್ಟು ಪಿರಿಯಾಪಟ್ಟಣ ತಾಲ್ಲೂಕಿನ ರಾವಂದೂರಿನಂಥ ಹೋಬಳಿ ಊರಿಗೆ ಬನ್ನಿ. ಇಂಥ ಊರುಗಳಲ್ಲಿ ಆಗಸ್ಟ್ 15 ಎಂದರೆ ಶಾಲೆಯ ಅಂಗಳ, ಬಾವುಟ, ಮಕ್ಕಳ ಸಾಲು. ಮಕ್ಕಳಿಗೆ ಪೆಪ್ಪರಮೆಂಟು, ಹೆಚ್ಚೆಂದರೆ ಒಂದು ಲಾಡು. ವೇದಿಕೆಯ ಮೇಲಿನ ಗಣ್ಯರ ಮುಂದೆ ಬಾಟಲಿಯ ನೀರು, ಬಾಟಲಿಯ ಬಣ್ಣದ ಸಕ್ಕರೆನೀರು. ತೆಂಗು, ರಾಗಿ, ಬೆಲ್ಲ, ಮಜ್ಜಿಗೆ ಎಲ್ಲ ಇರುವ ನಾಡಿನಲ್ಲಿ ಅಂಗಡಿಯಿಂದ ತಂದ ಬಾಟಲಿಯೇ ಗೌರವದ ಗುರುತು! ಬಿಯರ್ ಬೇಕೆನ್ನುವ ಪಟ್ಟಣಿಗನಿಗೂ ಈ ವೇದಿಕೆಗೂ ರೋಗ ಒಂದೇ. ನಮ್ಮದನ್ನು ನಾಲ್ಕು ಜನರ ಮುಂದಿಡಲು ನಾಚಿಕೆ.

ಇಡೋಣವೆಂದರೆ ಏನಿಡುವುದು? ನಮ್ಮ ಕಡೆ ಆಗಸ್ಟಿನಲ್ಲಿ ಜಡಿಮಳೆ. ತಣ್ಣನೆಯ ಪಾನಕ ಕುಡಿದರೆ ಮಾರನೆಯ ದಿನ ಇಡೀ ತರಗತಿ ಸೀನುತ್ತದೆ. ಆ ದಿನಕ್ಕೆ ಶುಂಠಿ ಜೀರಿಗೆಯ ಬಿಸಿ ಕಷಾಯ, ದೊಡ್ಡವರಿಗೆ ಬೆಲ್ಲದ ಕಾಫಿ. ಕೊಡಗು ಪಕ್ಕದಲ್ಲೇ ಇದೆ. ಗಾಂಧಿ ಜಯಂತಿಗೂ ರಾಜ್ಯೋತ್ಸವಕ್ಕೂ ಪಾನಕ, ನೀರುಮಜ್ಜಿಗೆ, ದೊರೆಯುವಲ್ಲಿ ನೀರಾ. ಅಷ್ಟು ಜನಕ್ಕೆ ಮಾಡುವವರು ಯಾರು ಎನ್ನುವವರಿಗೆ ಒಂದೇ ಮಾತು: 2013ರಿಂದ ಕ್ಷೀರಭಾಗ್ಯದಲ್ಲಿ ಸರ್ಕಾರಿ ಶಾಲೆಯ ಒಲೆಯ ಮೇಲೆ ಹಾಲು ಕಾದು ಮಕ್ಕಳ ಲೋಟ ಸೇರುತ್ತಿದೆ. ಒಲೆಯಿದೆ, ಪಾತ್ರೆಯಿದೆ, ಬಿಸಿಯೂಟದ ಹೆಂಗಸರ ನುರಿತ ಕೈಗಳಿವೆ. ಆ ಒಂದು ದಿನದ ದುಡಿಮೆಗೆ ಅವರಿಗೆ ಬೇರೆ ಕೂಲಿ ಕೊಡತಕ್ಕದ್ದು ಎಂಬುದನ್ನೂ ಸೇರಿಸುತ್ತೇನೆ.

ಇದು ರುಚಿಯೊಂದರ ಪ್ರಶ್ನೆಯಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ರಾಮನವಮಿಯ ಪಾನಕ ಕೋಸಂಬರಿ ನಮಗೆಲ್ಲ ಪ್ರಿಯ. ಆದರೆ ಯಾರಿಗೆ ಲೋಟದಲ್ಲಿ, ಯಾರಿಗೆ ಮೇಲಿನಿಂದ ಬೊಗಸೆಗೆ ಎಂಬ ಲೆಕ್ಕ ಆ ಪಾನಕದ ಜೊತೆಗೇ ಬಂದದ್ದನ್ನು ಹಿರಿಯರು ಬಲ್ಲರು. ಮೊಹರು ಹಾಕಿದ ಬಾಟಲಿ ಈ ಲೆಕ್ಕವನ್ನು ಜಾಣತನದಿಂದ ಮುಚ್ಚಿಟ್ಟಿತು: ಯಾರೂ ಯಾರ ಕೈಯಿಂದಲೂ ಕುಡಿಯಬೇಕಾಗಿಲ್ಲ. ಬಾವುಟದ ಕೆಳಗೆ ಊರಿನ ಎಲ್ಲ ಕೇರಿಯವರೂ ಒಂದೇ ಕೊಳದಪ್ಪಲೆಯಿಂದ, ಒಂದೇ ಸೌಟಿನಿಂದ, ಒಂದೇ ಬಗೆಯ ಲೋಟದಲ್ಲಿ ಕುಡಿಯುವ ದಿನ ಅಂಥ ಸಂಭ್ರಮ ಇಂಗ್ಲಿಷರ ಪಾನಗೃಹದಲ್ಲೂ ಸಿಕ್ಕದು.

ಪ್ರತಿ ತಾಲ್ಲೂಕಿನಲ್ಲೂ ತಹಸೀಲ್ದಾರರ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಹಬ್ಬಗಳ ಆಚರಣಾ ಸಮಿತಿಯೊಂದಿದೆ. ಹಬ್ಬಕ್ಕೆ ಮೊದಲು ಅದು ಪೂರ್ವಭಾವಿ ಸಭೆ ಸೇರಿ ಶಾಮಿಯಾನ, ಧ್ವನಿವರ್ಧಕ, ಕುರ್ಚಿ, ಆಹ್ವಾನ ಪತ್ರಿಕೆಯಲ್ಲಿ ಯಾರ ಹೆಸರು ಮೇಲೆ ಯಾರದು ಕೆಳಗೆ ಎಂದು ತೀರ್ಮಾನಿಸುತ್ತದೆ. ಮುಂದಿನ ಸಭೆಯ ನಡಾವಳಿಯಲ್ಲಿ ಕುಡಿಯಲು ಏನು, ಕಾಯಿಸುವವರು ಯಾರು, ಎಷ್ಟು ಲೋಟ ಎಂಬ ಒಂದು ಸಾಲನ್ನೂ ಬರೆದುಕೊಳ್ಳಲಿ.