“ಇದರಿಂದ ಏನು ಪ್ರಯೋಜನ?”

ತರಗತಿಯಲ್ಲಿ ಹೊಸ ವಿಷಯವೊಂದನ್ನು ಆರಂಭಿಸಿದೊಡನೆ ವಿದ್ಯಾರ್ಥಿಗಳಿಂದ ಹೊರಡುವ ಮೊದಲ ಪ್ರಶ್ನೆ, “ಇದರಿಂದ ಏನು ಪ್ರಯೋಜನ?” ಎಂಬುದು. ಪ್ರಶ್ನೆ ತಪ್ಪಲ್ಲ, ಅದನ್ನು ಕೇಳುವ ಹೊತ್ತು ತಪ್ಪಾಗಬಹುದು. ಭೌತವಿಜ್ಞಾನವನ್ನು ಬೋಧಿಸುವ ನಾನು ಇದಕ್ಕೆ ನಿದರ್ಶನವನ್ನು ನನ್ನ ಶಾಸ್ತ್ರದಿಂದಲ್ಲ, ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ ಯೀಸ್ಟಿನಿಂದ ಆರಿಸಿಕೊಳ್ಳುತ್ತೇನೆ.

ಯೀಸ್ಟ್ ಒಂದೇ ಜೀವಕೋಶದ ಜೀವಿ. ಗ್ಲೂಕೋಸ್ ಅದರ ಮೆಚ್ಚಿನ ಆಹಾರ. ಅದು ಯಥೇಚ್ಛವಾಗಿರುವವರೆಗೆ, ಕಬ್ಬಿನ ಸಕ್ಕರೆಯಾದ ಸುಕ್ರೋಸನ್ನು ಒಡೆಯುವ ಇನ್ವರ್ಟೇಸ್ ಎಂಬ ಕಿಣ್ವವನ್ನು ಯೀಸ್ಟ್ ಹೆಚ್ಚಾಗಿ ತಯಾರಿಸುವುದಿಲ್ಲ. ಗ್ಲೂಕೋಸ್ ತೀರುತ್ತ ಬಂದಾಗಲೇ ತಯಾರಿಕೆಗೆ ತೊಡಗುತ್ತದೆ. ಕಣ್ಣೂ ಮಿದುಳೂ ಇಲ್ಲದ ಈ ಜೀವಿಗೆ ಉಗ್ರಾಣ ಬರಿದಾದುದು ತಿಳಿಯುವುದೆಂತು?

1981ರಲ್ಲಿ ಅಮೆರಿಕದ ಮೇರಿಯನ್ ಕಾರ್ಲ್‌ಸನ್, ಡೇವಿಡ್ ಬಾಟ್‌ಸ್ಟೈನ್ ಮತ್ತು ಸಂಗಡಿಗರು ಸುಕ್ರೋಸನ್ನು ಬಳಸಿಕೊಳ್ಳಲಾರದ ಯೀಸ್ಟ್ ತಳಿಗಳನ್ನು ವರ್ಣಿಸಿದರು. ಅವುಗಳಲ್ಲಿ ಕೆಟ್ಟಿದ್ದ ಒಂದು ಜೀನಿಗೆ, ‘ಸುಕ್ರೋಸನ್ನು ಹುದುಗಿಸದ’ ಎಂಬ ಅರ್ಥದಲ್ಲಿ, ಎಸ್‌ಎನ್‌ಎಫ್-1 ಎಂದು ಹೆಸರಾಯಿತು. ಈ ಜೀನಿನಿಂದ ತಯಾರಾಗುವ ಪ್ರೋಟೀನು ಇತರ ಪ್ರೋಟೀನುಗಳಿಗೆ ಫಾಸ್ಫೇಟನ್ನು ಜೋಡಿಸುವ ಕಿಣ್ವವೆಂದು 1986ರಲ್ಲಿ ತಿಳಿದುಬಂದಿತು. ಗ್ಲೂಕೋಸ್ ಕಡಿಮೆಯಾದಾಗ ಬೇರೆ ಕಿಣ್ವಗಳು ಇದಕ್ಕೇ ಒಂದು ಫಾಸ್ಫೇಟನ್ನು ಜೋಡಿಸುತ್ತವೆ, ಇದು ಚುರುಕಾಗುತ್ತದೆ. ಇನ್ವರ್ಟೇಸಿನ ಜೀನನ್ನು ಅದುಮಿಟ್ಟಿದ್ದ ಮಿಗ್-1 ಎಂಬ ಕಾವಲು ಪ್ರೋಟೀನಿಗೆ ಇದು ಫಾಸ್ಫೇಟನ್ನು ಅಂಟಿಸಿದೊಡನೆ, ಆ ಕಾವಲುಗಾರ ಕೋಶಕೇಂದ್ರವನ್ನು ಬಿಟ್ಟು ಹೊರನಡೆಯುತ್ತದೆ. ಕಿಣ್ವದ ತಯಾರಿಕೆ ಆರಂಭವಾಗುತ್ತದೆ. ತೊಟ್ಟಿಯಲ್ಲಿ ನೀರು ಇಳಿದಾಗ ತೇಲುಗುಂಡು ತಾನೂ ಇಳಿದು ನಲ್ಲಿಯನ್ನು ತೆರೆಯುವುದಿಲ್ಲವೇ? ಇದೂ ಅಂಥದೇ ಏರ್ಪಾಡು.

ಯೀಸ್ಟಿನ ಹಸಿವಿನಿಂದ ಮನುಷ್ಯನಿಗೇನು ಪ್ರಯೋಜನ ಎಂದು ಆಗ ಯಾರಾದರೂ ಕೇಳಿದ್ದರೆ, ಖಚಿತವಾದ ಉತ್ತರ ದೊರೆಯುತ್ತಿರಲಿಲ್ಲ. ಉತ್ತರ 1994ರಲ್ಲಿ ಬಂದಿತು. ನಮ್ಮ ಜೀವಕೋಶಗಳಲ್ಲಿ ಶಕ್ತಿ ಕುಂದಿದಾಗ ಕೊಬ್ಬು, ಕೊಲೆಸ್ಟರಾಲುಗಳ ತಯಾರಿಕೆಯನ್ನು ತಡೆದು, ಕೊಬ್ಬನ್ನು ಉರಿಸುವ ಕಾರ್ಯವನ್ನು ಹೆಚ್ಚಿಸುವ ಎಎಂಪಿಕೆ ಎಂಬ ಕಿಣ್ವವು ಯೀಸ್ಟಿನ ಈ ಪ್ರೋಟೀನಿನ ಹತ್ತಿರದ ಬಂಧುವೆಂದು ಕಂಡುಬಂದಿತು. ಎರಡನ್ನೂ ಎಚ್ಚರಿಸುವ ಸಂಕೇತಗಳು ಪೂರ್ತಿ ಒಂದೇ ಅಲ್ಲ. ಯಂತ್ರದ ರಚನೆ ಮಾತ್ರ ಒಂದೇ ಬಗೆಯದು.

ಕಥೆ ಇಲ್ಲಿಗೇ ಮುಗಿಯಲಿಲ್ಲ. ಎಸ್‌ಎನ್‌ಎಫ್-1ನ್ನು ಚುರುಕುಗೊಳಿಸುವ ಮೂರು ಕಿಣ್ವಗಳು 2003ರ ವೇಳೆಗೆ ಯೀಸ್ಟಿನಲ್ಲಿ ಗೊತ್ತಾದುವು. ಅವುಗಳ ಹೋಲಿಕೆಯನ್ನು ಹಿಡಿದು ನಡೆದವರಿಗೆ ನಮ್ಮ ದೇಹದಲ್ಲಿ ದೊರೆತುದು ಎಲ್‌ಕೆಬಿ-1. ಇದರ ಜೀನು ಕೆಟ್ಟರೆ ಕರುಳಿನಲ್ಲಿ ಗಂಟುಗಳು ಬೆಳೆದು, ಕ್ಯಾನ್ಸರಿನ ಅಪಾಯವನ್ನು ಹೆಚ್ಚಿಸುವ ಆನುವಂಶಿಕ ರೋಗವುಂಟಾಗುವುದೆಂದು 1998ರಲ್ಲಿಯೇ ತಿಳಿದಿತ್ತು. ಶಕ್ತಿಯ ಲೆಕ್ಕಾಚಾರಕ್ಕೂ ಕ್ಯಾನ್ಸರಿಗೂ ನಡುವಣ ಒಂದು ಹಾದಿ ಹೀಗೆ ಬೆಳಕಿಗೆ ಬಂದಿತು. ಇದರಿಂದ ರೋಗಕ್ಕೆ ಔಷಧ ಸಿದ್ಧವಾಯಿತೆಂದು ನಾನು ಹೇಳುತ್ತಿಲ್ಲ. ಎಲ್ಲಿ ಹುಡುಕಬೇಕೆಂಬುದು ತಿಳಿಯಿತು, ಅದೇನೂ ಅಲ್ಪವಲ್ಲ.

ಸಂಶೋಧನೆಗೆ ವ್ಯಯವಾಗುವುದು ಜನರ ಹಣ. ಆದುದರಿಂದ ಪ್ರಯೋಜನವನ್ನು ಕೇಳುವ ಹಕ್ಕು ಜನರಿಗಿದೆ ಎಂಬ ವಾದವನ್ನು ನಾನು ಒಪ್ಪುತ್ತೇನೆ. ಆದರೆ ಪ್ರಯೋಜನವನ್ನು ಮೊದಲೇ ತೋರಿಸಿದವರಿಗೆ ಮಾತ್ರ ಹಣವೆಂದು ನಿಯಮ ಮಾಡಿದರೆ, ಯಾರೂ ಊಹಿಸದ ಪ್ರಯೋಜನಗಳು ಎಂದಿಗೂ ಹುಟ್ಟಲಾರವು. ಪ್ರಶ್ನೆ ಸ್ಪಷ್ಟವಾಗಿದೆಯೇ, ಪ್ರಯೋಗದಿಂದ ಅದಕ್ಕೆ ಉತ್ತರ ದೊರೆತೀತೇ ಎಂಬುವನ್ನೇ ಮೊದಲು ಪರೀಕ್ಷಿಸಬೇಕು.

ವಿದ್ಯಾರ್ಥಿಮಿತ್ರರೇ, ಸಣ್ಣದೆಂದು ತೋರುವ ಪ್ರಶ್ನೆಯೊಂದು ನಿಮ್ಮನ್ನು ಕಾಡುತ್ತಿದ್ದರೆ, ಯಾರೋ ನಕ್ಕರೆಂದು ಅದನ್ನು ಕೈಬಿಡಬೇಡಿರಿ. “ಇದರಿಂದ ಏನು ಪ್ರಯೋಜನ?” ಎಂದು ಕೇಳುವ ಮುನ್ನ “ಇದು ಹೀಗೇಕೆ?” ಎಂದು ಕೇಳಿರಿ.