ಹರಳಿನ ಹೊಳಪು, ಮಲೆಯ ಗಾಯ

ಪುತ್ತೂರಿನ ಭಕ್ತರೊಬ್ಬರು ತಮ್ಮ ಅಜ್ಜಿಯ ಕಾಲದ ಉಂಗುರವೊಂದನ್ನು ನಮ್ಮ ಮುಂದಿಟ್ಟರು. ನಡುವೆ ಕೆಂಪು ಹರಳು. ಸುತ್ತಲೂ ಹೂವಿನ ಎಸಳುಗಳಂತೆ ಒತ್ತಾಗಿ ಕೂರಿಸಿದ ಸಣ್ಣ ವಜ್ರಗಳು. "ರಾಹುದೋಷಕ್ಕೆ ಗೋಮೇದಿಕ ಧರಿಸಬೇಕೆಂದು ಜೋಯಿಸರು ಹೇಳಿದ್ದಾರೆ ಬುದ್ಧಿ. ಇದನ್ನು ಮುರಿಸಿ ಹೊಸದು ಮಾಡಿಸಲೇ? ಸುಳ್ಯದ ಕಡೆಯ ಕಾಡಿನ ಹರಳು ಅಗ್ಗಕ್ಕೆ ಸಿಗುತ್ತದಂತೆ" ಎಂದರು. ನಾವು ಒಪ್ಪಲಿಲ್ಲ. ಒಪ್ಪದಿದ್ದುದೇಕೆ ಎಂಬುದನ್ನು ಓದುಗರಾದ ನೀವೂ ತಿಳಿಯಬೇಕು.

ಸುಳ್ಯ ತಾಲೂಕಿನ ಕಲ್ಮಕಾರು, ಕೊಲ್ಲಮೊಗ್ರು ಗ್ರಾಮಗಳಾಚೆ, ಕೊಡಗಿನ ಗಡಿಯ ಕೂಜಿಮಲೆಯ ಕಾಡಿನಲ್ಲಿ ಹರಳುಕಲ್ಲನ್ನು ಕದ್ದು ಅಗೆಯುವ ಸುದ್ದಿ ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಬಂದಿದೆ. ಕೇಂದ್ರದ ಪೂರ್ವಾನುಮತಿಯಿಲ್ಲದೆ ಅರಣ್ಯಭೂಮಿಯಲ್ಲಿ ಗಣಿ ತೋಡಕೂಡದೆಂದು 1980ರ ಕಾಯಿದೆ ವಿಧಿಸಿದೆ. ಆ ಸೀಮೆಯ ಪುಷ್ಪಗಿರಿ ವನ್ಯಧಾಮವು 2012ರಲ್ಲಿ ವಿಶ್ವಪರಂಪರೆಯ ತಾಣಗಳ ಸಾಲಿಗೆ ಸೇರಿತು. ಲೋಕವೇ ಮನ್ನಿಸಿದ ಮಲೆಯನ್ನು ನಾವು ಬೆರಳಿನ ಬೆಡಗಿಗಾಗಿ ಬಗೆಯಬಹುದೇ?

"ಕಾಡಿನ ಕಲ್ಲು ಯಾರಪ್ಪನ ಸೊತ್ತು? ಬಡವನಿಗೆ ನಾಲ್ಕು ಕಾಸು ಸಿಕ್ಕಿದರೆ ತಪ್ಪೇನು?" ಎನ್ನುವವರುಂಟು. ಕದ್ದು ಅಗೆಯುವುದು ಕಾಯಕವಲ್ಲ. ಸಿಕ್ಕಿಬಿದ್ದಾಗ ಸೆರೆಗೆ ಹೋಗುವವನು ಗುದ್ದಲಿ ಹಿಡಿದ ಬಡವನೇ ಹೊರತು ಉಂಗುರ ತೊಟ್ಟ ಧನಿಕನಲ್ಲ. ಇನ್ನು ಸೊತ್ತಿನ ಮಾತು. ಪಶ್ಚಿಮಘಟ್ಟದ ಈ ಮಲೆಗಳ ನೀರೇ ಕುಮಾರಧಾರೆಯಾಗಿ ಕಡಬ ತಾಲೂಕಿನ ಸುಬ್ರಹ್ಮಣ್ಯವನ್ನು ಹಾದು, ಪುತ್ತೂರು ತಾಲೂಕಿನ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ಅದನ್ನು ಕುಡಿಯುವವರೆಲ್ಲರ ಸೊತ್ತು ಆ ಮಲೆ. 2022ರ ಆಗಸ್ಟ್ ಮೊದಲ ವಾರದ ಮಳೆಗೆ ಸುಬ್ರಹ್ಮಣ್ಯದಲ್ಲಿ ಮನೆಯ ಮೇಲೆ ಗುಡ್ಡ ಕುಸಿದು ಇಬ್ಬರು ಎಳೆಯ ಹೆಣ್ಣುಮಕ್ಕಳು ತೀರಿಕೊಂಡರು. ಅದಕ್ಕೆ ಹರಳುಗಳ್ಳರೇ ಕಾರಣವೆಂದು ನಾವು ಹೇಳುತ್ತಿಲ್ಲ. ಆದರೆ ಮಳೆಗೇ ಕುಸಿಯುವ ಸೀಮೆಯಲ್ಲಿ ಮರದ ಬೇರನ್ನೂ ಮಣ್ಣನ್ನೂ ಕೆದಕುವುದು ಯಾವ ವಿವೇಕ?

ದೋಷಪರಿಹಾರದ ಮಾತಿಗೆ ಬರೋಣ. ವಜ್ರವೆಂದರೆ ಇಂಗಾಲ, ಮಾಣಿಕ್ಯವೆಂದರೆ ಕ್ರೋಮಿಯಂನಿಂದ ಕೆಂಪೇರಿದ ಅಲ್ಯೂಮಿನಿಯಂ ಆಕ್ಸೈಡು, ಗೋಮೇದಿಕವು ಗಾರ್ನೆಟ್ ಜಾತಿಯ ಸಿಲಿಕೇಟು. ಗ್ರಹದ ಮುನಿಸನ್ನು ತಣಿಸುವ ಶಕ್ತಿ ಇವುಗಳಲ್ಲಿ ಎಲ್ಲಿ ಅಡಗಿದೆ? ನಾಗನಿಗೆಂದು ಬನವನ್ನು ಕಡಿಯದೆ ಬಿಟ್ಟ ನಾಡು ಇದು. ಸರ್ಪದೋಷಕ್ಕೆ ಅಂಜಿ ಕುಕ್ಕೆಗೆ ಹರಕೆ ಹೊರುವವನೇ ರಾಹುವಿನ ಹರಳಿಗಾಗಿ ಸರ್ಪಗಳ ಮನೆಯಾದ ಕಾಡನ್ನು ಅಗೆಸಿದರೆ, ಅದು ದೋಷದ ಪರಿಹಾರವೋ, ಹೊಸ ದೋಷದ ಗಳಿಕೆಯೋ?

ಒಡವೆಯನ್ನೇ ತೊರೆಯಿರೆಂದು ನಾವು ಉಪದೇಶಿಸುವುದಿಲ್ಲ. ಅಜ್ಜಿಯ ಉಂಗುರವಿದ್ದರೆ ಅದನ್ನು ಮುರಿಸಬೇಡಿ. ಹರಳು ಸಡಿಲಾಗಿದ್ದರೆ ಅಕ್ಕಸಾಲಿಗರಿಂದ ಬಿಗಿ ಮಾಡಿಸಿ ತೊಡಿ. ಅದಕ್ಕಾಗಿ ಇಂದು ಯಾವ ಮಲೆಯೂ ಗಾಯಗೊಳ್ಳಬೇಕಿಲ್ಲ. ಹೊಸದನ್ನು ಕೊಳ್ಳಲೇಬೇಕಾದರೆ, ಹರಳು ಬಂದುದೆಲ್ಲಿಂದ ಎಂದು ಕೇಳಿ, ರಸೀದಿ ಪಡೆಯಿರಿ. ಉತ್ತರ ಕೊಡಲಾರದವನಲ್ಲಿ ಕೊಳ್ಳಬೇಡಿ. ಕೊಳ್ಳುವವನಿಲ್ಲದಿದ್ದರೆ ಅಗೆಯುವವನೂ ಇರಲಾರ.

ಆ ಭಕ್ತರು ಉಂಗುರವನ್ನು ಮತ್ತೆ ಬೆರಳಿಗೆ ತೊಟ್ಟು ಮನೆಗೆ ಮರಳಿದರು. ನಿಮ್ಮ ಬೆರಳನ್ನು ನೀವೂ ಒಮ್ಮೆ ನೋಡಿಕೊಳ್ಳಿ.