ಅಮೆರಿಕದ ಮಿತವ್ಯಯವೂ ಸಂಶೋಧನ ವಿದ್ಯಾರ್ಥಿಗಳೂ

ಸರಕಾರವು ಕೈ ಬಿಗಿಹಿಡಿದಾಗ ಮೊದಲ ಪೆಟ್ಟು ಬೀಳುವುದು ಯಾರಿಗೆಂಬುದನ್ನು ಅರಿಯಬೇಕಾದರೆ ಅಮೆರಿಕದಲ್ಲಿ 2025ರಲ್ಲಿ ನಡೆದುದನ್ನು ಪರಿಶೀಲಿಸಬೇಕು. ಅಲ್ಲಿಯ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು ಸಂಶೋಧನೆಗೆ ಕೊಡುವ ಪ್ರತಿ ನೂರು ಡಾಲರಿನೊಡನೆ, ಕಟ್ಟಡ, ವಿದ್ಯುಚ್ಛಕ್ತಿ, ಕಚೇರಿಗಳ ಬಾಬ್ತೆಂದು ವಿಶ್ವವಿದ್ಯಾನಿಲಯಗಳಿಗೆ ಹೆಚ್ಚುವರಿ ಮೊಬಲಗು ಸಲ್ಲುತ್ತಿತ್ತು. ಕೆಲವು ದೊಡ್ಡ ವಿದ್ಯಾಪೀಠಗಳಿಗೆ ಇದು 60 ಡಾಲರಿಗೂ ಮೇಲಿತ್ತು. ಫೆಬ್ರವರಿ 7ರಂದು ಆ ಸಂಸ್ಥೆಯು ಇದನ್ನು ಎಲ್ಲರಿಗೂ 15ಕ್ಕೆ ಇಳಿಸಿದುದಾಗಿ ಸಾರಿತು.

ಕಟ್ಟಡದ ಖರ್ಚಿಗೂ ವಿದ್ಯಾರ್ಥಿಯ ಪ್ರವೇಶಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವು ನಿಕಟವಾದುದು. ಅಲ್ಲಿ ವಿಜ್ಞಾನದಲ್ಲಿ ಡಾಕ್ಟರೇಟ್ ಪದವಿಗೆ ವ್ಯಾಸಂಗ ಮಾಡುವವನು ಸಾಮಾನ್ಯವಾಗಿ ಶುಲ್ಕ ತೆರುವುದಿಲ್ಲ. ವಿದ್ಯಾಲಯವೇ ಐದಾರು ವರ್ಷ ವೇತನ ಕೊಟ್ಟು ಪೋಷಿಸುತ್ತದೆ. ನಾಳಿನ ಹಣವೇ ಸಂಶಯಾಸ್ಪದವಾದಾಗ ಇಂಥ ದೀರ್ಘ ವಾಗ್ದಾನಕ್ಕೆ ಯಾರು ತಾನೆ ಮುಂದಾದಾರು? ಅಧ್ಯಾಪಕರನ್ನು ತೆಗೆಯುವುದು ಕಷ್ಟ, ಒಳಗಿರುವ ವಿದ್ಯಾರ್ಥಿಯನ್ನು ಹೊರಗಟ್ಟುವುದು ಅಪಕೀರ್ತಿ. ಬಾಗಿಲಲ್ಲಿ ನಿಂತವನಿಗೆ ಇಲ್ಲವೆನ್ನುವುದೊಂದೇ ಸುಲಭ. ಅವನಿಗೆ ಸಂಘವಿಲ್ಲ, ದೂರು ಹೇಳಿಕೊಳ್ಳಲು ಸ್ಥಳವೂ ಇಲ್ಲ.

ಹಾಗೆಯೇ ಆಯಿತು. ಮಾರ್ಚಿಯಲ್ಲಿ ಮ್ಯಾಸಚುಸೆಟ್ಸ್ ವಿಶ್ವವಿದ್ಯಾನಿಲಯದ ಚಾನ್ ವೈದ್ಯಕೀಯ ವಿದ್ಯಾಲಯವು ಸಂಶೋಧನ ವಿದ್ಯಾರ್ಥಿಗಳಿಗೆ ಆಗಲೇ ಕೊಟ್ಟಿದ್ದ ಪ್ರವೇಶಗಳನ್ನು ಹಿಂತೆಗೆದುಕೊಂಡಿತು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯವು ಸ್ಥಾನಗಳನ್ನು ಕುಗ್ಗಿಸುವಂತೆ ವಿಭಾಗಗಳಿಗೆ ಹೇಳಿತು. ಹಿಂದಿನ ವರ್ಷ 2,000ಕ್ಕೂ ಹೆಚ್ಚು ವಿದ್ಯಾರ್ಥಿವೇತನಗಳನ್ನಿತ್ತಿದ್ದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವು ಏಪ್ರಿಲಿನಲ್ಲಿ 1,000ಕ್ಕೆ ನಿಲ್ಲಿಸಿ, ಜೂನಿನಲ್ಲಿ 500 ಸೇರಿಸಿತು.

ವಿಚಿತ್ರವೆಂದರೆ, 15ರ ಆಜ್ಞೆಯನ್ನು ನ್ಯಾಯಸ್ಥಾನವು ಫೆಬ್ರವರಿಯಲ್ಲೇ ತಡೆದಿತ್ತು. ಏಪ್ರಿಲ್ ಮೊದಲಲ್ಲಿ ತಡೆಯನ್ನು ಕಾಯಂ ಮಾಡಿತು. ಆದರೆ ಪ್ರವೇಶಕ್ಕೂ ಬಿತ್ತನೆಯಂತೆ ಒಂದು ಹದವುಂಟು. ಏಪ್ರಿಲ್ 15ರೊಳಗೆ ವಿದ್ಯಾರ್ಥಿಗಳು ಒಪ್ಪಿಗೆ ತಿಳಿಸುವುದು ಅಲ್ಲಿಯ ವಾಡಿಕೆ. ತೀರ್ಪು ಬರುವ ವೇಳೆಗೆ ಹದ ಬಹುಮಟ್ಟಿಗೆ ಮೀರುತ್ತ ಬಂದಿತ್ತು. ಇತರ ಧನಸಹಾಯಗಳ ರದ್ದತಿಯೂ ಇದಕ್ಕೆ ಕೂಡಿತು. ಜಾರಿಗೆ ಬಾರದ ಆಜ್ಞೆಯ ಭಯವೇ ಇಷ್ಟು ಕೆಲಸ ಮಾಡಿತೆಂದು ನಾವು ಭಾವಿಸುತ್ತೇವೆ. ಅಪಾರ ನಿಧಿಯುಳ್ಳ ಹಾರ್ವರ್ಡ್ ಸಹ ಅಕ್ಟೋಬರಿನಲ್ಲಿ ಮುಂದಿನೆರಡು ವರ್ಷಗಳ ಡಾಕ್ಟರೇಟ್ ಸ್ಥಾನಗಳನ್ನು ಕಡಿಮೆಮಾಡಲು ನಿಶ್ಚಯಿಸಿತು.

ಇದು ದೂರದ ಮಾತೆಂದು ನಮ್ಮವರು ಸುಮ್ಮನಿರುವಂತಿಲ್ಲ. 2023-24ರಲ್ಲಿ ಅಮೆರಿಕದಲ್ಲಿದ್ದ 3,31,000ಕ್ಕೂ ಮೇಲ್ಪಟ್ಟ ಭಾರತೀಯ ವಿದ್ಯಾರ್ಥಿಗಳಲ್ಲಿ 1,96,000ಕ್ಕೂ ಹೆಚ್ಚು ಮಂದಿ ಸ್ನಾತಕೋತ್ತರ ವ್ಯಾಸಂಗದವರು. ಇವರಲ್ಲಿ ಸ್ವಂತ ಹಣದಿಂದಲೋ ಸಾಲದಿಂದಲೋ ಮಾಸ್ಟರ್ ಪದವಿಗೆ ಹೋಗುವವನಿಗೆ ಈ ಕಡಿತದ ಬಿಸಿ ಅಷ್ಟಾಗಿ ತಟ್ಟದು. ಅವನ ಶುಲ್ಕವು ವಿದ್ಯಾಲಯಕ್ಕೆ ಆದಾಯ. ಬುದ್ಧಿಯೊಂದನ್ನೇ ಬಂಡವಾಳವಾಗುಳ್ಳ ಗುಮಾಸ್ತನ ಮಗನು ನಂಬಿದ್ದುದು ವೇತನಸಹಿತವಾದ ಸ್ಥಾನವನ್ನು. ಕಡಿತವಾದುದು ಅದೇ.